ಮೊಣಕೈ ಹಿಂದಿನ ಊರು

ಲಸ್ಕ್, ವಯೋಮಿಂಗ್
9 ಮೇ 2006

ಮಗಳೇ ಮಾರ್ಲಾ,

ಪರದೆ ಮೇಲೇಳಲಿ. ರಂಗದ ಮೇಲೆ ಒಬ್ಬ ಮುದುಕ, ಅವನ ಮನೆಗಾಡಿ, ಗಾಡಿಯ ಪಕ್ಕ ಮೂರು ಕಾಲಿನ ಮೇಲೆ ನಿಂತ ಡಿಶ್ಶು. ಮುದುಕನ ಒಂದು ಕೈಯಲ್ಲಿ ದಿಕ್ಸೂಚಿ, ಇನ್ನೊಂದರಲ್ಲಿ ರಸಮಟ್ಟ. ಪಶ್ಚಿಮದಿಂದ ಬೀಸುವ ಗಾಳಿ ಎಂಥದ್ದೆಂದರೆ, ಡಿಶ್ಶಿನ ಕಾಲಿಗೆ ನೀರು ತುಂಬಿದ ಎರಡು ಕ್ಯಾನು ಕಟ್ಟಿರದಿದ್ದರೆ ಅದು ಸಂಜೆಯೊಳಗೆ ನೆಬ್ರಾಸ್ಕದ ಗಡಿ ದಾಟಿ ವೆಲ್ಬಿ ಸೇರಿ ನಿನ್ನ ಬಾಗಿಲು ತಟ್ಟುತ್ತಿತ್ತು.

ಉಪಗ್ರಹವನ್ನು ಮುಕ್ಕಾಲು ಗಂಟೆ ಹುಡುಕಿದೆ. ದಕ್ಷಿಣದ ಆಕಾಶಕ್ಕೆ ಅಡ್ಡವಾಗಿ ಒಂದು ಕಾಟನ್‌ವುಡ್ ಮರ ರಾಜಗಾಂಭೀರ್ಯದಿಂದ ನಿಂತಿತ್ತು. ಅದು ಸರಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಗಾಡಿಯನ್ನು ಹನ್ನೆರಡು ಅಡಿ ಸರಿಸಿದೆ. ಸರಿಯಾಗಿ ಐದು ಗಂಟೆಗೆ, ಅಂದರೆ ನಿನ್ನ ಆರಕ್ಕೆ, ನಮ್ಮ ಊರಿನ ಚಾನೆಲ್ ಮೂಡಿತು. ಹವಾಮಾನ ಹೇಳಲು ನೀನು ಪ್ರವೇಶ ಮಾಡಿದೆ. ನಾನು ಆಲೂಗಡ್ಡೆ ಸೂಪಿನ ಬಟ್ಟಲು ಹಿಡಿದು ಕೂತೆ. ಕೈಗಡಿಯಾರವನ್ನು ಇಲ್ಲಿಯ ಸಮಯಕ್ಕೆ ತಿರುಗಿಸಿಲ್ಲ, ತಿರುಗಿಸುವುದೂ ಇಲ್ಲ.

ಈ ತಂಗುದಾಣದ ಒಡತಿ ಡಾಟಿ ಹಾರ್ಗಿಸ್. ವರ್ಷವಿಡೀ ಕೆಂಪು ರಬ್ಬರ್ ಬೂಟು ಹಾಕುವ ಹೆಂಗಸು. ನಾನು ಒದ್ದಾಡುವುದನ್ನು ಬೇಲಿ ಒರಗಿ ನೋಡುತ್ತಿದ್ದವಳು ಕೊನೆಗೆ ಬಾಯಿ ಬಿಟ್ಟಳು.

"ಯಜಮಾನ್ರೇ, ಟೀವಿ ಕಂಪನಿಗೆ ಒಂದು ಫೋನ್ ಮಾಡಿ, ನನ್ನ ವಿಳಾಸ ಕೊಟ್ಬಿಡಿ. ಗಾಡಿಯೋರೆಲ್ಲ ಊರಿಂದ ಊರಿಗೆ ಹಂಗೇ ಮಾಡೋದು. ಇಲ್ಲಿನ ಚಾನೆಲ್ ಹಾಕ್ಕೊಡ್ತಾರೆ."

"ನಮ್ಮೂರಿಂದು?"

"ಅದು ಹೋಗುತ್ತೆ. ಒಂದು ವಿಳಾಸಕ್ಕೆ ಒಂದೇ ಊರು."

"ಹಂಗಾದ್ರೆ ಬೇಡ."

"ಇಲ್ಲಿನ ಮಳೆ ಗಾಳಿ ಗೊತ್ತಾಗ್ಬೇಡ್ವಾ?"

"ಮಳೆ ಬಂದ್ರೆ ನೆನೀತೀನಿ ಬಿಡಿ, ಗೊತ್ತಾಗುತ್ತೆ."

ಹಾಗಾಗಿ ಕಂಪನಿಯ ಮಟ್ಟಿಗೆ ಎಲ್ಡನ್ ಕುಬಿಚೆಕ್ ಇನ್ನೂ ವೆಲ್ಬಿಯ ಎಲ್ಮ್ ಬೀದಿಯ ಮುಂಗೋಣೆಯಲ್ಲೇ ಕಾಲು ಚಾಚಿ ಕೂತಿದ್ದಾನೆ. ಮನೆ ಕೊಂಡ ದಂತವೈದ್ಯನಿಗೆ ಈ ವಿಷಯ ಗೊತ್ತಿಲ್ಲ.

ಈಗ ವಿಮರ್ಶೆ. ನಿಲುವು ಚೆನ್ನಾಗಿದೆ. ಆದರೆ ವಾಕ್ಯದ ಕೊನೆಯ ಅಕ್ಷರ ನುಂಗುತ್ತೀ. ಮೂವತ್ತು ವರ್ಷ ಹಗಲು ಹರಾಜು ಕೂಗಿ, ಚಳಿಗಾಲದ ರಾತ್ರಿಗಳಲ್ಲಿ ಒಪೆರಾ ಹೌಸಿನಲ್ಲಿ ಖಳನಾಯಕನಾದವನು ಹೇಳುತ್ತಿದ್ದೇನೆ, ಕೊನೆಯ ಅಕ್ಷರ ಕೊನೆಯ ಸಾಲಿನ ಮುದುಕಿಗೆ ಸೇರಿದ್ದು. ಇನ್ನೊಂದು. ನೀನು ಯಾವಾಗಲೂ ನಕ್ಷೆಯ ಪಶ್ಚಿಮದ ಅಂಚಿಗೇ ನಿಲ್ಲುತ್ತೀ. ಲಸ್ಕ್ ಎಲ್ಲಿದೆ ಎಂದು ಹುಡುಕಿದೆ. ನಿನ್ನ ಮೊಣಕೈ ಹಿಂದೆ ಇದೆ. ನಾನೂ ಅಲ್ಲೇ ಇದ್ದೇನೆ.

ನಿನ್ನಮ್ಮನ ನಕ್ಷೆ ಗಾಡಿಯ ಕನ್ನಡಿಯ ಪಕ್ಕ ಅಂಟಿಸಿದೆ. ಅವಳ ಕೆಂಪು ಪೆನ್ಸಿಲಿನ ಗೆರೆ ಒರೆಗಾನಿನ ಸಮುದ್ರದ ತನಕ ಹೋಗಿ ನ್ಯೂಪೋರ್ಟಿನಲ್ಲಿ ನಿಂತಿದೆ. ಮಂಜು ಬೀಳುವ ಮೊದಲು ಅಲ್ಲಿರುತ್ತೇನೆ.

ಫೋನಿನಲ್ಲಿ ನಾನು ಮಾತಾಡಿದರೆ ನಿನ್ನ ಕಿವಿಯಲ್ಲಿ ದನದ ಹರಾಜು ನಡೆದಂತಾಗುತ್ತದೆ ಎಂದು ನೀನೇ ಕಾಗದಕ್ಕೆ ಒಪ್ಪಿಸಿದ್ದು. ಉತ್ತರವನ್ನು ಗಾಡಿಯವರ ಕಾಗದ ನೋಡಿಕೊಳ್ಳುವ ಆ ಸೂ ಫಾಲ್ಸಿನ ಅಂಚೆಮನೆಗೇ ಹಾಕು. ನಾನು ಎಲ್ಲಿದ್ದರೂ ಅಲ್ಲಿಗೆ ಅವರು ತಲುಪಿಸುತ್ತಾರೆ.

ನಿನ್ನ ಕೊನೆಯ ಸಾಲಿನ ಮುದುಕ,
ಅಪ್ಪ

*

ವೆಲ್ಬಿ, ನೆಬ್ರಾಸ್ಕ
21 ಮೇ 2006

ಪ್ರೀತಿಯ ಅಪ್ಪ,

ಹವಾಮಾನ ಹೇಳುವುದು ಖಳನಾಯಕನ ಪಾತ್ರವಲ್ಲ. ಗುಡುಗು ಎಂದು ಹೇಳುವಾಗ ನಾನೇ ಗುಡುಗಬೇಕಾಗಿಲ್ಲ.

ಮೊಣಕೈ ವಿಷಯ ಹೇಳುತ್ತೇನೆ. ನಕ್ಷೆಯ ಆ ತುದಿ ನಮ್ಮ ಚಾನೆಲಿನ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಮ್ಮನ್ನು ನೋಡುವವರಿಲ್ಲ, ಜಾಹೀರಾತು ಕೊಡುವವರಿಲ್ಲ. ಯಾರನ್ನಾದರೂ ಮುಚ್ಚಲೇಬೇಕಾದರೆ ಅವರನ್ನೇ ಮುಚ್ಚಿ ನಿಲ್ಲಬೇಕು. ನಾನು ಸೇರಿದ ಮೊದಲ ದಿನವೇ ಇದನ್ನು ಹೇಳಿಕೊಟ್ಟರು. ನನಗಿಂತ ಮುಂಚೆ ಇದ್ದವರೂ ವಯೋಮಿಂಗ್ ಮೇಲೇ ನಿಂತಿದ್ದರು.

ಈಗ ನಾನೊಂದು ಕೇಳುತ್ತೇನೆ. ಮೇ ಒಂಬತ್ತರಂದು ಲಸ್ಕ್‌ನಲ್ಲಿದ್ದೆ. ಆಮೇಲೆ ಆ ಕಾಟನ್‌ವುಡ್ ಮರದಿಂದ ಹನ್ನೆರಡು ಅಡಿಗಿಂತ ಹೆಚ್ಚು ದೂರ ಹೋದೆಯಾ? ಅಮ್ಮ ಆ ಗೆರೆ ಎಳೆದದ್ದು ಹಾಸಿಗೆಯಲ್ಲಿ, ದಿಂಬಿನ ಮೇಲೆ ನಕ್ಷೆ ಇಟ್ಟುಕೊಂಡು. ಕೈ ನಡುಗಿದ್ದಕ್ಕೆ ಐಡಾಹೊದಲ್ಲಿ ರಸ್ತೆ ಸೊಟ್ಟಗಾಗಿದೆ. "ನಾನು ಬರದಿದ್ರೂ ನೀವು ಹೋಗ್ಬೇಕು" ಎಂದಳು. "ಹೋಗ್ತೀನಿ" ಎಂದೆ ನೀನು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಟೀವಿಯಲ್ಲಿ ನನ್ನನ್ನು ನೋಡುವುದಕ್ಕೆ ವಯೋಮಿಂಗಿನ ತನಕ ಹೋಗಬೇಕಿರಲಿಲ್ಲ ಅಪ್ಪ. ಮುಂದೆ ಹೋಗು.

ಇಲ್ಲಿ ಎಲ್ಲ ಎಂದಿನಂತೆ. ಕಳೆದ ವಾರ ಕೋಟು ಹಾಕಿಕೊಂಡ ಇಬ್ಬರು ಬಂದು ಸ್ಟುಡಿಯೋ ಸುತ್ತಾಡಿ, ನನ್ನ ನಕ್ಷೆಯ ಗೋಡೆಯನ್ನು ಅಳತೆ ಪಟ್ಟಿಯಿಂದ ಅಳೆದು ಹೋದರು. ಬಣ್ಣ ಹೊಡೆಸುತ್ತಾರೇನೋ.

ಮಾರ್ಲಾ

*

ಡಗ್ಲಸ್ ದಾಟಿ, ರಸ್ತೆ ಬದಿ
1 ಜೂನ್ 2006

(ಈ ಹಾಳೆ ಅಂಚೆಗೆ ಹೋಗುವುದಿಲ್ಲ.)

ಮಾರ್ಲಾ,

ಇವತ್ತು ಹೊರಟೆ. ನಿನ್ನ ಕಾಗದ ಚುಚ್ಚಿತು, ಹೊರಟೆ.

ಡಾಟಿ ಮೊದಲೇ ಹೇಳಿದ್ದಳು. ಉಪಗ್ರಹ ಒಂದೊಂದು ಊರಿನ ಚಾನೆಲನ್ನು ಆಯಾ ಊರಿನ ಸುತ್ತಕ್ಕಷ್ಟೇ ಚೆಲ್ಲುತ್ತದಂತೆ, ರಂಗದ ಮೇಲೆ ಒಬ್ಬ ನಟನ ಮೇಲೆ ಬೀಳುವ ದೀಪದ ಹಾಗೆ. ನಮ್ಮ ವೆಲ್ಬಿಯ ಬೆಳಕಿನ ವೃತ್ತ ಈ ಕಡೆ ಎಲ್ಲೋ ಮುಗಿಯುತ್ತದೆ ಎಂದಳು. ನಾನು ನಂಬಲಿಲ್ಲ.

ಮಧ್ಯಾಹ್ನದಿಂದ ಅಲ್ಲಲ್ಲಿ ನಿಲ್ಲಿಸಿ ಡಿಶ್ಶು ಹೂಡಿ ನೋಡಿದೆ. ಡಗ್ಲಸಿನಲ್ಲಿ ಸಿಗ್ನಲ್ ಅರವತ್ತೊಂದು. ಐದು ಮೈಲಿ ಮುಂದೆ ನಲವತ್ತನಾಲ್ಕು. ಇನ್ನೂ ಮುಂದೆ, ಒಂದು ಸೇತುವೆಯ ಹತ್ತಿರ, ಹತ್ತೊಂಬತ್ತು. ಹದಿನಾಲ್ಕನೇ ಮೈಲಿಯಲ್ಲಿ ಸೊನ್ನೆ. ಅಡುಗೆ ಮಾಡುವವನು ಬರುತ್ತಾನೆ, ಕುಸ್ತಿ ಬರುತ್ತದೆ, ಮುತ್ತಿನ ಸರ ಮಾರುವ ಹೆಂಗಸು ಬರುತ್ತಾಳೆ. ಇನ್ನೂರು ಚಾನೆಲ್ಲೂ ಇವೆ. ನಮ್ಮ ಊರಿನದೊಂದೇ ಕಪ್ಪು.

ಐದು ಗಂಟೆಯಾಯಿತು. ಸೂಪು ಬಿಸಿ ಮಾಡಿದೆ. ಕಪ್ಪು ಗಾಜಿನಲ್ಲಿ ಬಟ್ಟಲು ಹಿಡಿದ ಒಬ್ಬ ಮುದುಕ ಕಂಡ. ಅವನೊಂದಿಗೆ ಊಟ ಮಾಡಲು ಮನಸ್ಸಾಗಲಿಲ್ಲ.

ನಿನ್ನಮ್ಮ ಅಡೆಲ್ ಹೋದ ಮೇಲೆ ನಾನು ಒಂದು ಸಂಜೆಯೂ ಒಬ್ಬನೇ ಉಂಡಿಲ್ಲ. ಎದುರಿಗೆ ನೀನು ಇರುತ್ತಿದ್ದೆ. ಟೀವಿಯೊಳಗೆ ಇರುತ್ತಿದ್ದೆ ಎನ್ನುವುದು ಬೇರೆ ಮಾತು. ನೀನು ಬಲಕ್ಕೆ ತಿರುಗಿದಾಗ ಆ ಕತ್ತು ಅವಳದು.

ಗಾಡಿ ತಿರುಗಿಸಿದೆ. ಹನ್ನೊಂದು ಮೈಲಿ ಹಿಂದಕ್ಕೆ ಬಂದು ಡಿಶ್ಶು ಹೂಡುವಷ್ಟರಲ್ಲಿ ನೀನು "ನಾಳೆಯೂ ಬಿಸಿಲು" ಎಂದು ಮುಗಿಸುತ್ತಿದ್ದೆ. ಕೊನೆಯ ಅಕ್ಷರ ನುಂಗಿದೆ. ಪರವಾಗಿಲ್ಲ.

ನಾಳೆ ಲಸ್ಕ್‌ಗೆ ವಾಪಸ್ಸು.

*

ಟ್ವಿನ್ ಫಾಲ್ಸ್, ಐಡಾಹೊ
17 ಜೂನ್ 2006

ಮಗಳೇ,

ಎರಡನೇ ಅಂಕ. ಸ್ಥಳ, ಐಡಾಹೊ. ಬಂಡೆಗಳ ನಡುವೆ ಭೋರ್ಗರೆಯುವ ಜಲಪಾತ, ದಿಗಂತದ ತನಕ ಆಲೂಗಡ್ಡೆಯ ಹೊಲ, ಮಧ್ಯೆ ನಿನ್ನಪ್ಪ. ಇನ್ನೂರ ಹನ್ನೆರಡು ಅಡಿಯಿಂದ ಧುಮುಕುವ ನೀರಿನ ಸದ್ದಿಗೆ ನನ್ನ ದನಿಯೇ ಸೋತಿತೆಂದರೆ ನೀನೇ ಊಹಿಸು.

ನನ್ನ ಬಗ್ಗೆ ಚಿಂತೆ ಬೇಡ. ನಮ್ಮ ಚಾನೆಲ್ ಇಲ್ಲೂ ಚೆನ್ನಾಗಿ ಬರುತ್ತದೆ. ಬುಧವಾರ ನೀನು ಹಸಿರು ಸ್ಕಾರ್ಫ್ ಕಟ್ಟಿದ್ದೆ, ಒಪ್ಪುತ್ತದೆ. ಕುತ್ತಿಗೆಯ ಗಂಟು ಸ್ವಲ್ಪ ಸಡಿಲ ಬಿಡು, ಉಸಿರು ಸರಾಗವಾಗುತ್ತದೆ, ಕೊನೆಯ ಅಕ್ಷರವೂ ಆಚೆ ಬರುತ್ತದೆ.

ಇಲ್ಲಿಯ ತಂಗುದಾಣದಲ್ಲಿ ಓಸ್ಟ್ರಾಂಡರ್ ಎಂಬ ದಂಪತಿ ಸ್ನೇಹವಾದರು. ಬಹಳ ಉಪಕಾರಿಗಳು.

ಅಪ್ಪ

*

ವೆಲ್ಬಿ
2 ಜುಲೈ 2006

ಪ್ರೀತಿಯ ಅಪ್ಪ,

ಟ್ವಿನ್ ಫಾಲ್ಸ್ ಮುದ್ರೆ ಬಿದ್ದ ಲಕೋಟೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ದಿನಕ್ಕೆ ಎರಡು ಸಲ ನೋಡುತ್ತೇನೆ. ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋದೆ.

ಅಮ್ಮನ ಗೆರೆ ಸೊಟ್ಟಗಾದ ಜಾಗ ಸಿಕ್ಕಿತೇ? ಅಲ್ಲಿ ರಸ್ತೆ ನಿಜವಾಗಿ ಹೇಗಿದೆ? ಜಲಪಾತದ ವಾಸನೆ ಹೇಗಿರುತ್ತದೆ? ನಾನು ಹನ್ನೊಂದು ವರ್ಷದಿಂದ ಮಳೆ ಗಾಳಿಯ ಮಾತಾಡುತ್ತಿದ್ದೇನೆ, ಈ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು.

ನಿನಗೆ ಹೇಳಬೇಕಾದ ಒಂದು ವಿಷಯ ಇತ್ತು. ಅವಸರವಿಲ್ಲ. ನೀನು ಸಮುದ್ರ ತಲುಪಿದ ಮೇಲೆ ಬರೆಯುತ್ತೇನೆ.

ಗಂಟು ಸಡಿಲ ಮಾಡಿದ್ದೇನೆ.

ಮಾರ್ಲಾ

*

ಬಾಯ್ಸಿ ಹತ್ತಿರ, ಐಡಾಹೊ
19 ಜುಲೈ 2006

ಮಗಳೇ,

ಕೂತು ಓದು. ಇಂಥ ದೃಶ್ಯವನ್ನು ನಮ್ಮ ಒಪೆರಾ ಹೌಸಿನಲ್ಲಿ ತಗಡು ಅಲ್ಲಾಡಿಸಿ, ಬಟಾಣಿ ಚೆಲ್ಲಿ, ಪುಡಿ ಮದ್ದು ಹೊತ್ತಿಸಿದರೂ ತೋರಿಸಲಾಗುತ್ತಿರಲಿಲ್ಲ.

ಹೋದ ಗುರುವಾರ, ಹದಿಮೂರನೇ ತಾರೀಖು, ಸಂಜೆ ಐದೂ ಕಾಲು. ನಾನು ಸೂಪು ಹಿಡಿದು ನಿನ್ನೆದುರು ಕೂತಿದ್ದೇನೆ. ನೀನು ನಗುತ್ತಾ ಬಿಸಿಲು ಎನ್ನುತ್ತಿದ್ದೀ. ಬಾಗಿಲು ಮುರಿಯುವ ಹಾಗೆ ಬಡಿತ. ಈ ತಂಗುದಾಣದ ಒಡತಿ ಗ್ರೇಸ್ ಕೆಂಪು ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದಾಳೆ.

"ಏನ್ರೀ ಒಳಗೆ ಮಾಡ್ತಿದೀರಾ?"

"ಟೀವಿ ನೋಡ್ತಿದೀನಿ."

"ಏನಂತೆ?"

"ಬಿಸಿಲಂತೆ. ನಾಳೆನೂ ಬಿಸಿಲಂತೆ."

"ಯಾರಿಗಂತೆ ಬಿಸಿಲು? ಕತ್ತು ಆಚೆ ಹಾಕಿ."

ಹಾಕಿದೆ. ಆಕಾಶ ಹಳೇ ತಾಮ್ರದ ಪಾತ್ರೆಯ ಹಸಿರು. ಹಕ್ಕಿಯ ಸದ್ದಿಲ್ಲ, ಗಾಳಿಯ ಸದ್ದೂ ಇಲ್ಲ. ನಾನು ಬಟ್ಟಲು ಹಿಡಿದೇ ಮೆಟ್ಟಿಲಿಳಿದೆ.

"ಊರಿಗೆಲ್ಲ ಟೀವೀಲಿ ಕೂಗಿ ಹೇಳ್ತಿದಾರೆ, ಒಳಗೆ ಸೇರ್ಕೊಳ್ಳಿ ಅಂತ. ನಿಮ್ದೋ, ದೇಹ ಇಲ್ಲಿ, ಟೀವಿ ಇನ್ನೂರೈವತ್ತು ಮೈಲಿ ಆಚೆ. ಬನ್ನಿ ಈಚೆಗೆ. ಆ ಬಟ್ಟಲು ಬಿಟ್ಟು ಬನ್ನಿ."

"ಸೂಪು ಆರುತ್ತೆ."

"ನೀವೇ ಆರ್ಹೋಗ್ತೀರಿ, ಬನ್ನಿ."

ಬಟ್ಟೆ ಒಗೆಯುವ ಕೋಣೆಯಲ್ಲಿ, ಸಿಮೆಂಟ್ ಗೋಡೆಯ ನಡುವೆ, ಹನ್ನೊಂದು ಜನ ಯಂತ್ರಗಳ ಮೇಲೆ ಕೂತೆವು. ಆಮೇಲೆ ಬಿತ್ತು ನೋಡು ಆಲಿಕಲ್ಲು. ಕೋಳಿಮೊಟ್ಟೆ ಗಾತ್ರ. ಇಪ್ಪತ್ತು ನಿಮಿಷ ಆ ತಗಡಿನ ಮಾಡು ಯಾರ ಮಾತನ್ನೂ ಯಾರಿಗೂ ಕೇಳಿಸಗೊಡಲಿಲ್ಲ, ನನ್ನದನ್ನು ಬಿಟ್ಟು.

ನಿಂತ ಮೇಲೆ ಹೋಗಿ ನೋಡಿದರೆ ಗಾಡಿಯ ಎರಡು ಕಿಟಕಿ ಇಲ್ಲ, ಡಿಶ್ಶು ಹಳೇ ಸಾರಿನ ಪಾತ್ರೆಯಂತೆ ತಗ್ಗು ತಗ್ಗು. ಮರುದಿನ ಹರಾಜಿನ ಮರದ ಸುತ್ತಿಗೆ ತಂದು ಹಿಂದಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಸರಿ ಮಾಡಿದೆ. ಒಂದನೇ ಸಲ, ಎರಡನೇ ಸಲ, ಮೂರನೇ ಸಲಕ್ಕೆ ನೀನು ಬಂದೆ.

ನನಗೆ ಏನೂ ಆಗಿಲ್ಲ. ಸೂಪು ಮಾತ್ರ ಹೋಯಿತು.

ಅಪ್ಪ

*

ವೆಲ್ಬಿ
30 ಜುಲೈ 2006

ಅಪ್ಪ,

ಜುಲೈ ಹದಿಮೂರರಂದು ಇಡೀ ಐಡಾಹೊ ರಾಜ್ಯದಲ್ಲಿ ಒಂದು ಹನಿ ಬಿದ್ದಿಲ್ಲ. ಬಾಯ್ಸಿಯಲ್ಲಿ ತೊಂಬತ್ತೇಳು ಡಿಗ್ರಿ, ಮೋಡವಿಲ್ಲದ ಆಕಾಶ. ಇದು ನನ್ನ ಕೆಲಸ, ನಿನಗೆ ಮರೆತುಹೋಗಿರಬೇಕು. ಆ ಸಂಜೆ ಕೋಳಿಮೊಟ್ಟೆ ಗಾತ್ರದ ಆಲಿಕಲ್ಲು ಬಿದ್ದ ಒಂದೇ ಒಂದು ಊರು ನನ್ನ ದಾಖಲೆಯಲ್ಲಿದೆ. ಲಸ್ಕ್, ವಯೋಮಿಂಗ್.

ನಮ್ಮ ತಾಂತ್ರಿಕ ವಿಭಾಗದ ವರ್ನ್ ಹತ್ತಿರ ಹೋಗಿ ಕೇಳಿದೆ.

"ವರ್ನ್, ನಮ್ಮ ಚಾನೆಲ್ ಐಡಾಹೊದಲ್ಲಿ ಡಿಶ್ಶಿಗೆ ಸಿಗುತ್ತಾ?"

"ಡಗ್ಲಸ್ ದಾಟಿದ್ರೆ ಸಿಗಲ್ಲ. ಯಾಕೆ?"

"ನಮ್ಮಪ್ಪ ಅಲ್ಲಿಂದ ನನ್ನ ಸ್ಕಾರ್ಫ್ ನೋಡಿದಾರೆ."

"ನಿಮ್ಮಪ್ಪನ ಕಣ್ಣು ಚೆನ್ನಾಗಿದೆ" ಎಂದು ಅವನು ಮತ್ತೆ ತನ್ನ ತಂತಿಗಳಿಗೆ ಬಗ್ಗಿದ.

ಆಮೇಲೆ ಕಾಗದ ಮತ್ತೆ ಓದಿದೆ. ಬಾಯ್ಸಿಯಿಂದ ಇಲ್ಲಿಗೆ ಇನ್ನೂರೈವತ್ತು ಮೈಲಿಯಲ್ಲ, ಒಂಬೈನೂರರ ಹತ್ತಿರ. ಗ್ರೇಸ್‌ಗೂ ಡಾಟಿಗೂ ಒಂದೇ ಜೊತೆ ಕೆಂಪು ಬೂಟು. ಆ ಉಪಕಾರಿ ಓಸ್ಟ್ರಾಂಡರ್ ದಂಪತಿ ಮಾಡಿದ ಉಪಕಾರ ಯಾವುದೆಂದೂ ಹೊಳೆಯಿತು. ಪಶ್ಚಿಮಕ್ಕೆ ಹೋಗುವ ಗಾಡಿಯವರ ಕೈಗೆ ಕಾಗದ ಕೊಟ್ಟು ಅಲ್ಲಿ ಅಂಚೆಗೆ ಹಾಕಿಸಿದ್ದೀ.

ಫ್ರಿಜ್ಜಿನ ಮೇಲಿನ ಲಕೋಟೆ ತೆಗೆದಿದ್ದೇನೆ.

ನನಗೆ ಹೆಚ್ಚು ಸಿಟ್ಟು ಬಂದದ್ದು ಸುಳ್ಳಿಗಲ್ಲ. ಆ ಸಂಜೆಯ ಟೇಪು ಹಾಕಿಸಿ ನೋಡಿದೆ. ಐದೂ ಕಾಲಿಗೆ, ಅಂದರೆ ನನ್ನ ಆರೂ ಕಾಲಿಗೆ, ನಕ್ಷೆಯ ಪಶ್ಚಿಮದ ಅಂಚಿನಲ್ಲಿ ಬಿರುಮಳೆಯ ಒಂದು ಕೆಂಪು ಚುಕ್ಕೆ ಇದೆ. ನಾನು ಅದರ ಮೇಲೆ ಮೊಣಕೈ ಇಟ್ಟುಕೊಂಡು ನಗುತ್ತಿದ್ದೇನೆ. ನೀನು ಅದರ ಕೆಳಗಿದ್ದೆ, ನನಗೆ ಗೊತ್ತಿರಲಿಲ್ಲ.

ಸಮುದ್ರ ತಲುಪಿದ ಮೇಲೆ ಹೇಳುತ್ತೇನೆ ಎಂದಿದ್ದ ವಿಷಯ ಈಗಲೇ ಹೇಳಬೇಕಾಗಿದೆ. ಆ ಕೋಟಿನವರು ಬಣ್ಣ ಹೊಡೆಸಲು ಬಂದವರಲ್ಲ. ಅಕ್ಟೋಬರಿನಿಂದ ಇಲ್ಲಿ ಹವಾಮಾನ ಹೇಳುವವರು ಇರುವುದಿಲ್ಲ. ಎಲ್ಲೋ ದೂರದ ಊರಿನಲ್ಲಿ ಕೂತು ಒಬ್ಬನೇ ಹದಿನಾಲ್ಕು ಊರುಗಳಿಗೆ ಹೇಳುತ್ತಾನಂತೆ. ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಶುಕ್ರವಾರ, ನನ್ನ ಕೊನೆಯ ದಿನ.

ನೀನು ದೂರ ಹೋಗಿದ್ದೀ, ಟೀವಿ ಮರೆತಿದ್ದೀ ಎಂದುಕೊಂಡು ಸಮಾಧಾನವಾಗಿದ್ದೆ. ಈಗ ನೋಡಿದರೆ ನಮ್ಮ ಸಿಗ್ನಲಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೀ.

ಮಾರ್ಲಾ

*

ಲಸ್ಕ್
10 ಆಗಸ್ಟ್ 2006

ಮಾರ್ಲಾ,

ಹೌದು.

ಜೂನ್ ಒಂದರಂದು ಬರೆದು ಇಟ್ಟುಕೊಂಡ ಹಾಳೆ ಇದರ ಜೊತೆಗಿದೆ. ಹೊಸದಾಗಿ ಬರೆಯಲು ಕೂತರೆ ಮತ್ತೆ ಬಣ್ಣ ಹಚ್ಚುತ್ತೇನೆ. ಅದನ್ನೇ ಓದು.

ಜಲಪಾತವನ್ನು ಓಸ್ಟ್ರಾಂಡರ್ ಕೊಟ್ಟ ಪ್ರವಾಸದ ಪುಸ್ತಕದಿಂದ ಬರೆದೆ. ಅದರ ವಾಸನೆ ನನಗೆ ಗೊತ್ತಿಲ್ಲ. ಆಲಿಕಲ್ಲಿನ ಕಥೆ ಮುಚ್ಚಿಟ್ಟಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಅಂಥ ಕಥೆ ಕೈಗೆ ಬಂದಾಗ ಹೇಳದೆ ಇರುವುದು ನನ್ನಿಂದ ಆಗಲಿಲ್ಲ.

ಫೋನಿಗೆ ಬರದೇ ಇದ್ದುದಕ್ಕೂ ಕಾರಣ ನನ್ನ ದನಿಯಲ್ಲ. ಕಾಗದದಲ್ಲಿ ಸುಳ್ಳು ಹೇಳಬಲ್ಲೆ. ನಿನ್ನ ದನಿ ಕೇಳಿಸಿಕೊಂಡು ಹೇಳಲು ಬರುವುದಿಲ್ಲ.

ನಿನ್ನ ಕೆಲಸದ ಸುದ್ದಿ ಓದಿ ಎರಡು ದಿನ ಡಿಶ್ಶು ಹೂಡಲಿಲ್ಲ. ಮೂರನೆಯ ದಿನ ಹೂಡಿದೆ. ಇನ್ನು ಮೂವತ್ತಾರು ಸಂಜೆಗಳಿವೆ, ರಜೆ ಬಿಟ್ಟು ಎಣಿಸಿದ್ದೇನೆ. ಆಮೇಲೆ ಆ ಬೆಳಕಿನಲ್ಲಿ ಯಾರೂ ಇರುವುದಿಲ್ಲ. ನಾನು ಇಲ್ಲಿ ಕೂತು ಏನು ಮಾಡಲಿ? ವೆಲ್ಬಿಗೇ ಬಂದುಬಿಡುತ್ತೇನೆ. ನಿನ್ನ ಮನೆಯ ಹಿಂದೆ ಗಾಡಿ ನಿಲ್ಲಿಸುವಷ್ಟು ಜಾಗವಿದೆ ಅಲ್ಲವೇ? ಅಡೆಲ್ ನನ್ನನ್ನು ಬಲ್ಲವಳು, ಬೈದು ಸುಮ್ಮನಾಗುತ್ತಾಳೆ.

ಅಪ್ಪ

*

ವೆಲ್ಬಿ
22 ಆಗಸ್ಟ್ 2006

ಪ್ರೀತಿಯ ಅಪ್ಪ,

ಬರಬೇಡ.

ಜಾಗವಿದೆ. ಆದರೂ ಬರಬೇಡ. ಬಂದರೆ ನೀನು ಗಾಡಿಯೊಳಗೆ ಕೂತು ನನ್ನ ಕಿಟಕಿ ನೋಡುತ್ತೀ, ನಾನು ಕಿಟಕಿಯಿಂದ ನಿನ್ನ ಗಾಡಿ ನೋಡುತ್ತೇನೆ, ಹಿಮ ಬೀಳುತ್ತದೆ. ಅಮ್ಮನ ಗೆರೆ ಗೋಡೆಯ ಮೇಲೆ ಹಳದಿಯಾಗುತ್ತದೆ.

ಆ ಹಾಳೆಯನ್ನು ಮೂರು ಸಲ ಓದಿದೆ. ಅದರಲ್ಲಿ ನಿನ್ನ ದನಿ ಬಹಳ ಚಿಕ್ಕದಾಗಿತ್ತು. ಅಷ್ಟು ಚಿಕ್ಕ ದನಿ ನಿನ್ನ ಹತ್ತಿರ ಇದೆ ಎಂದು ತಿಳಿದಿರಲಿಲ್ಲ.

ನಾನೂ ಒಂದು ಹೇಳಬೇಕು. ಕ್ಯಾಮರಾ ನೋಡಿ ಶುಭಸಂಜೆ ಎನ್ನುವಾಗ ಊರಿಗೆಲ್ಲ ಹೇಳುತ್ತಿದ್ದೇನೆ ಎಂದುಕೊಳ್ಳಬೇಕು ಎಂದು ನಮಗೆ ಕಲಿಸುತ್ತಾರೆ. ನನಗೆ ಅದು ಯಾವತ್ತೂ ಬರಲಿಲ್ಲ. ಅಮ್ಮ ಇದ್ದಾಗ ಎಲ್ಮ್ ಬೀದಿಯ ಮುಂಗೋಣೆಗೆ ಹೇಳುತ್ತಿದ್ದೆ. ಆಮೇಲೆ ಒಬ್ಬನಿಗೆ. ಅವನು ಐಡಾಹೊ ಸೇರಿದ ಎಂದು ತಿಳಿದ ಮೇಲೂ ಅವನಿಗೇ ಹೇಳಿದೆ. ಹಾಗಾಗಿ ನಿನ್ನ ಸುಳ್ಳನ್ನು ಪೂರ್ತಿ ಬೈಯಲು ನನಗೆ ಬಾಯಿಲ್ಲ.

ಸೆಪ್ಟೆಂಬರ್ ಇಪ್ಪತ್ತೊಂಬತ್ತರಂದು ಐದು ಗಂಟೆಗೆ ಸೂಪು ಹಿಡಿದು ಅಲ್ಲೇ ಕೂತಿರು. ಅದು ಮುಗಿದ ಮೇಲೆ ಎತ್ತ ತಿರುಗಬೇಕು ಎಂದು ನೀನೇ ತೀರ್ಮಾನ ಮಾಡು.

ಮಾರ್ಲಾ

*

ಲಸ್ಕ್
30 ಸೆಪ್ಟೆಂಬರ್ 2006

ಮಗಳೇ,

ನಿನ್ನೆ ನಾಲ್ಕಕ್ಕೇ ಡಾಟಿ ಬಂದು "ಒಬ್ರೇ ನೋಡೋ ಹಂಗಿಲ್ಲ" ಎಂದು ನನ್ನ ಟೀವಿಯನ್ನು ಬಟ್ಟೆ ಒಗೆಯುವ ಕೋಣೆಗೆ ಹೊತ್ತುಕೊಂಡು ಹೋದಳು. ಉದ್ದದ ಕೇಬಲ್ ಎಳೆದೆವು. ತಂಗುದಾಣದಲ್ಲಿದ್ದ ಒಂಬತ್ತು ಜನ ಯಂತ್ರಗಳ ಮೇಲೆ ಕೂತರು. ಯಾರೋ ಕಾರ್ನ್ ಬ್ರೆಡ್ ತಂದಿದ್ದರು. ಕಿಕ್ಕಿರಿದ ಸಭೆ. ಅದರಲ್ಲಿ ಎಂಟು ಜನಕ್ಕೆ ನೀನು ಯಾರೆಂದು ಗೊತ್ತಿರಲಿಲ್ಲ. ನಾನು ಹೇಳಿದೆ. ಸ್ವಲ್ಪ ಜೋರಾಗಿ ಹೇಳಿದೆ ಎಂದು ಕಾಣುತ್ತದೆ.

ನೀನು ಬಂದೆ. ಹಸಿರು ಸ್ಕಾರ್ಫ್, ಗಂಟು ಸಡಿಲ. ನಕ್ಷೆ ಬಂತು. ನೀನು ಎಂದಿನಂತೆ ಪಶ್ಚಿಮದ ಅಂಚಿಗೆ ಹೋಗಿ ನಿಂತೆ. ಆಮೇಲೆ ನಡೆದೆ. ನಕ್ಷೆಯ ಉದ್ದಕ್ಕೂ, ರಾಜ್ಯದ ಗಡಿ ದಾಟಿ ನಡೆದು, ವೆಲ್ಬಿಯ ಮೇಲೆ ನಿಂತೆ. ನಮ್ಮ ಊರು ನಿನ್ನ ಹಿಂದೆ ಮರೆಯಾಯಿತು. ಈ ಕಡೆ ಪೂರ್ತಿ ತೆರೆದುಕೊಂಡಿತು. ಲಸ್ಕ್ ಎಂದು ಬರೆದ ಅಕ್ಷರ ಅಷ್ಟು ಸ್ಪಷ್ಟ.

"ಇವತ್ತು ಕೊನೇದಾಗಿ ಒಂದು ಊರಿನ ಹವಾಮಾನ ಹೇಳ್ತೀನಿ. ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದೆ. "ಲಸ್ಕ್. ರಾತ್ರಿ ನಲವತ್ತೊಂದು ಡಿಗ್ರಿ. ಗಾಳಿ ಪಶ್ಚಿಮದಿಂದ. ನಾಳೆಯಿಂದ ಹತ್ತು ದಿನ ರಸ್ತೆ ಒಣಗಿರುತ್ತೆ. ಹೊರಡೋರಿಗೆ ಒಳ್ಳೇ ದಿನಗಳು."

ಡಾಟಿ ನನ್ನ ಕಡೆ ಬಗ್ಗಿ "ಕೊನೇ ಅಕ್ಷರ ನುಂಗ್ಲಿಲ್ಲ ನೋಡಿ" ಎಂದಳು. ನಾನು ಏನೋ ಹೇಳಲು ಬಾಯಿ ತೆರೆದೆ. ದನಿ ಬರಲಿಲ್ಲ. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಇವತ್ತು ಬೆಳಿಗ್ಗೆ ಟೀವಿ ಕಂಪನಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಎತ್ತಿದಳು.

"ನಿಮ್ಮ ಹೊಸ ಮನೆ ವಿಳಾಸ ಹೇಳಿ ಸರ್."

"ಹೊಸ ಮನೆ ಅಂತ ಇಲ್ಲಮ್ಮ. ಇದೇ ಮನೆ. ಇದಕ್ಕೆ ಆರು ಚಕ್ರ ಇದೆ."

"ಸ್ವಲ್ಪ ಮೆಲ್ಲಗೆ ಮಾತಾಡಿ ಸರ್. ಈಗ ಎಲ್ಲಿದೆ ಅದು?"

"ಈಗ ಲಸ್ಕ್. ಒಂಬತ್ತನೇ ತಾರೀಖಿಗೆ ಬೇರೆ ಕಡೆ. ಪ್ರತಿ ಸಲ ಫೋನ್ ಮಾಡ್ತೀನಿ, ಬೇಜಾರಾಗಬಾರದು."

"ಇಲ್ಲ ಸರ್. ಹಳೇ ಊರಿನ ಚಾನೆಲ್ ತೆಗೀತೀವಿ, ಪರವಾಗಿಲ್ವಾ?"

"ತೆಗಿಯಮ್ಮ."

ಹತ್ತು ನಿಮಿಷದಲ್ಲಿ ವೆಲ್ಬಿ ಹೋಯಿತು, ಕ್ಯಾಸ್ಪರ್ ಬಂತು. ಅಲ್ಲಿ ಹವಾಮಾನ ಹೇಳುವವನು ಎಳೆಯ, ಕಿವಿ ದೊಡ್ಡದು, ಪ್ರತಿ ವಾಕ್ಯದ ಕೊನೆಯ ಅಕ್ಷರ ನುಂಗುತ್ತಾನೆ. ಅವನಿಗೊಂದು ಕಾಗದ ಬರೆಯಲು ಕೂತೆ. ಎರಡು ಸಾಲು ಬರೆದು ಹರಿದೆ. ಅವನಿಗೂ ಯಾರೋ ಅಪ್ಪ ಇರುತ್ತಾನೆ.

ಅಕ್ಟೋಬರ್ ಒಂಬತ್ತು, ಸೋಮವಾರ ಹೊರಡುತ್ತೇನೆ. ಮೊದಲು ಡಗ್ಲಸ್. ಅದರಾಚೆ ಹದಿನಾಲ್ಕನೇ ಮೈಲಿಯಲ್ಲಿ ನಿಲ್ಲಿಸುವುದಿಲ್ಲ. ಆಮೇಲೆ ನಿನ್ನಮ್ಮನ ಗೆರೆ ಹೋದಲ್ಲಿಗೆ. ಕೈಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದೇನೆ.

ಅಪ್ಪ

*

ವೆಲ್ಬಿ
3 ಅಕ್ಟೋಬರ್ 2006

ಪ್ರೀತಿಯ ಅಪ್ಪ,

ಇದನ್ನು ಸೂ ಫಾಲ್ಸಿಗೆ ಹಾಕುತ್ತಿಲ್ಲ. ಡಾಟಿಯ ತಂಗುದಾಣಕ್ಕೆ ನೇರವಾಗಿ ಹಾಕುತ್ತಿದ್ದೇನೆ, ಸೋಮವಾರದ ಒಳಗೆ ಸಿಗಲಿ ಎಂದು. ಫೋನ್ ಮಾಡಬಹುದಿತ್ತು. ನೀನು ಮಧ್ಯೆ ಬಾಯಿ ಹಾಕುತ್ತೀ.

ನಕ್ಷೆಯ ಮೇಲೆ ನಡೆದದ್ದಕ್ಕೆ ಮ್ಯಾನೇಜರ್ ಬೈದ. ನಮ್ಮ ವ್ಯಾಪ್ತಿಯಲ್ಲದ ಊರಿಗೆ ಇಪ್ಪತ್ತು ಸೆಕೆಂಡು ಕೊಟ್ಟಿದ್ದಕ್ಕೆ ಇನ್ನೊಂದು ಸಲ ಬೈದ. ಇನ್ನೇನು ಮಾಡುತ್ತಾನೆ, ಕೆಲಸದಿಂದ ತೆಗೆಯುತ್ತಾನೆಯೇ ಎಂದು ವರ್ನ್ ಕೇಳಿದ. ಇಬ್ಬರೂ ನಕ್ಕೆವು.

ಸೋಮವಾರ ಹೊರಡಬೇಡ. ಒಂದು ದಿನ ತಡೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ. ಕಾರು ನಿಲ್ಲಿಸಲು ಡಾಟಿಯನ್ನು ಒಂದು ಮೂಲೆ ಕೇಳಿಡು. ನನ್ನ ಹತ್ತಿರ ಒಂದು ಚೀಲ, ಅಮ್ಮನ ಹಳೇ ಮಳೆಕೋಟು, ಕೊಲಾಚ್ ಸಿಹಿಬನ್ನು ತುಂಬಿದ ಒಂದು ಡಬ್ಬಿ ಇರುತ್ತದೆ. ಗಸಗಸೆಯದು, ನಿನಗೆ ಇಷ್ಟವಾದದ್ದೇ.

ಹನ್ನೊಂದು ವರ್ಷ ಆ ಊರನ್ನು ಮುಚ್ಚಿಕೊಂಡು ನಿಂತಿದ್ದೆ. ನನ್ನ ಮೊಣಕೈ ಹಿಂದೆ ಏನಿತ್ತು ಎಂದು ಒಮ್ಮೆ ಕಣ್ಣಾರೆ ನೋಡಬೇಕು. ಆಮೇಲೆ ಅದರಾಚೆಗೆ.

ಗಾಡಿ ನಾನು ಓಡಿಸುತ್ತೇನೆ, ನಕ್ಷೆ ನೀನು ಓದು, ಎಷ್ಟು ಜೋರಾಗಿ ಬೇಕಾದರೂ ಓದು. ಡಿಶ್ಶನ್ನು ಮಡಚಿ ಒಳಗಿಡು, ಐದು ಗಂಟೆಗೆ ಅದು ಬೇಕಾಗುವುದಿಲ್ಲ. ನಾಳೆ ಹವಾಮಾನ ಹೇಗಿರುತ್ತದೆ ಎಂದು ದಾರಿಯಲ್ಲಿ ಒಂದು ಸಲವೂ ನನ್ನನ್ನು ಕೇಳಬೇಡ. ಕಿಟಕಿ ತೆಗೆದು ನೋಡೋಣ.

ಮಾರ್ಲಾ